ಕಂಪನಿ ಕೈ ಬದಲಾದ ಮೇಲೆ ಯಾವ ಟ್ರೇಲರ್ ಹಿಡಿಯಬೇಕು? ಮಲೆನಾಡಿನ ಚಾಲಕರಿಗೊಂದು ಹೋಲಿಕೆ

ನಾನು ಇಪ್ಪತ್ತು ವರ್ಷ ದುಡಿದ ಸಾರಿಗೆ ಸಂಸ್ಥೆಯನ್ನು ಹೊರ ರಾಜ್ಯದ ದೊಡ್ಡ ಕಂಪನಿಯೊಂದು ಕೊಂಡು ಆರು ತಿಂಗಳಾಯಿತು. ಗೇಟಿನ ಮೇಲಿನ ಹೆಸರು ಮೊದಲ ವಾರದಲ್ಲೇ ಬದಲಾಯಿತು, ಸಂಬಳದ ಚೀಟಿ ಎರಡನೆಯ ತಿಂಗಳಲ್ಲಿ ಬದಲಾಯಿತು, ಈಗ ಸರದಿ ಟ್ರೇಲರುಗಳದ್ದು. ಕಂಪನಿಯ ಚಾಲಕರು ತಮಗೆ ಯಾವ ಬಗೆಯ ಟ್ರೇಲರ್ ಬೇಕೆಂದು ಬರೆದುಕೊಡಬೇಕಂತೆ. ಸ್ವಂತ ಹಾರ್ಸ್ (ಟ್ರೇಲರನ್ನು ಎಳೆಯುವ ಮುಂದಿನ ಎಂಜಿನ್ ಗಾಡಿ) ಇಟ್ಟುಕೊಂಡು ಕಂಪನಿಗೆ ಓಡಿಸುವವರು ಹೊಸ ಟ್ರೇಲರನ್ನು ತಿಂಗಳ ಬಾಡಿಗೆಗೆ ಪಡೆಯಬಹುದು, ಇಲ್ಲವೇ ಹಳೆಯದನ್ನು ನಿಗದಿತ ಬೆಲೆಗೆ ಕೊಂಡುಕೊಳ್ಳಬಹುದು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಗಾಡಿ ಕೆಲಸಕ್ಕೆ ಬಿಟ್ಟು ಕಾಯುತ್ತಾ ಕೂತವರೆಲ್ಲರ ಬಾಯಲ್ಲೂ ಇದೇ ಚರ್ಚೆ. ಆದರೆ ಅಲ್ಲಿ ಕೇಳಿಬರುವ ಹೋಲಿಕೆಯಲ್ಲಿ ಹೆಚ್ಚಿನದು ಬಯಲುಸೀಮೆಯ ಹೆದ್ದಾರಿಯಲ್ಲಿ ಓಡಿಸಿದವರ ಅನುಭವ. ಪುಣೆಯಿಂದ ಬೆಂಗಳೂರಿಗೆ ಹೋಗುವ ಗಾಡಿಗೆ ಒಳ್ಳೆಯದೆನಿಸಿದ್ದು ಘಟ್ಟದ ಮೇಲಿನ ಮಾವಿನಗುಂಡಿಯಿಂದ ಕೆಳಗಿಳಿಯುವ ಗಾಡಿಗೂ ಒಳ್ಳೆಯದಾಗಿರಬೇಕೆಂದಿಲ್ಲ. ಹೀಗಾಗಿ ನಮ್ಮ ರಸ್ತೆ, ನಮ್ಮ ಮಳೆ, ನಮ್ಮ ಲೋಡು ಈ ಮೂರನ್ನೇ ಮುಂದಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ದಾರಿ. ಶಿವಮೊಗ್ಗದಿಂದ ಕರಾವಳಿಗೆ ಇಳಿಯಲು ನಕ್ಷೆಯಲ್ಲಿ ದಾರಿಗಳು ಹಲವು ಕಂಡರೂ ಟ್ರೇಲರಿಗೆ ಉಳಿಯುವುದು ಕೆಲವೇ. ತೀರ್ಥಹಳ್ಳಿಯ ಮೇಲೆ ಹೋಗುವ ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ, ಭಾರೀ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಹೊಸನಗರದ ಕಡೆಯ ಹುಲಿಕಲ್ ಘಾಟಿಯಲ್ಲಿ ಲಾರಿಗಳು ಓಡಾಡುತ್ತವೆಯಾದರೂ ನಲವತ್ತು ಅಡಿಯ ಟ್ರೇಲರನ್ನು ಅಲ್ಲಿ ತಿರುಗಿಸುವುದು ಎದುರಿನವರ ಸಹನೆಯ ಮೇಲೆ ನಿಂತ ಕೆಲಸ, ಮಳೆಗಾಲದಲ್ಲಂತೂ ನಾನು ಆ ಕಡೆ ತಲೆ ಹಾಕುವುದಿಲ್ಲ. ಉಳಿಯುವುದು ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಸಾಗರ, ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪ ಘಾಟಿಯಿಳಿದು ಹೊನ್ನಾವರ ಸೇರುವ ದಾರಿ. ಇಲ್ಲವೇ ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ಹಾಸನದ ಮೇಲೆ ಸುತ್ತಿ ಶಿರಾಡಿ ಘಾಟಿಯಿಳಿಯುವ ದಾರಿ. ಎರಡರಲ್ಲಿಯೂ ಇಳಿಜಾರು ಉದ್ದವಿದೆ, ವರ್ಷದ ನಾಲ್ಕು ತಿಂಗಳು ರಸ್ತೆ ಒಣಗುವುದೇ ಇಲ್ಲ. ನಿಮ್ಮ ಗಾಡಿ ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿ ಕಡೆಗೇ ಓಡುವುದಾದರೆ ಮುಂದಿನ ಹೋಲಿಕೆಯಲ್ಲಿ ನನ್ನ ಕೆಲವು ತೀರ್ಮಾನಗಳು ನಿಮಗೆ ತಿರುಗುಮುರುಗಾಗಬಹುದು. ಘಾಟಿಯಿಳಿಯುವವರಿಗೆ ನನ್ನ ಮಾತು ಒಂದೇ: ಟ್ರೇಲರನ್ನು ಎಷ್ಟು ಹೇರುತ್ತದೆ ಎಂಬುದರ ಮೇಲಲ್ಲ, ಮಳೆಯಲ್ಲಿ ಹೇಗೆ ಇಳಿಯುತ್ತದೆ ಎಂಬುದರ ಮೇಲೆ ಆರಿಸಿ.

ಬಾಡಿ: ಫ್ಲಾಟ್‌ಬೆಡ್, ಸ್ಕೆಲಿಟನ್, ಮುಚ್ಚಿದ ಬಾಡಿ

ಹೊಸ ಕಂಪನಿಯ ಯಾರ್ಡಿನಲ್ಲಿ ಬಂದು ನಿಂತಿರುವವುಗಳಲ್ಲಿ ಹೆಚ್ಚಿನವು ಕಂಟೇನರ್ ಹೊರುವ ಸ್ಕೆಲಿಟನ್ ಟ್ರೇಲರುಗಳು. ಅವಕ್ಕೆ ಮೇಲೆ ಹಲಗೆಯಿಲ್ಲ, ತಗಡಿಲ್ಲ. ಚಾಸಿಯ ಮೇಲೆ ಕಂಟೇನರಿನ ಮೂಲೆಗಳನ್ನು ಹಿಡಿದಿಡುವ ಟ್ವಿಸ್ಟ್ ಲಾಕುಗಳಷ್ಟೇ. ಇಪ್ಪತ್ತು ಅಡಿಯ ಎರಡು ಕಂಟೇನರನ್ನಾಗಲೀ, 12.19 ಮೀಟರ್ ಉದ್ದದ ನಲವತ್ತು ಅಡಿಯ ಒಂದು ಕಂಟೇನರನ್ನಾಗಲೀ ಇಟ್ಟು ಲಾಕು ತಿರುಗಿಸಿದರೆ ಕೆಲಸ ಮುಗಿಯಿತು. ಹಗ್ಗ ಕಟ್ಟುವ, ಟಾರ್ಪಾಲು ಹೊದಿಸುವ ತಾಪತ್ರಯವಿಲ್ಲ, ಸ್ವಂತ ತೂಕವೂ ಮೇಲೆ ಚಪ್ಪಟೆ ಹಲಗೆ ಹಾಸಿದ ಫ್ಲಾಟ್‌ಬೆಡ್‌ಗಿಂತ ಕಡಿಮೆ. ಮಂಗಳೂರಿನ ಪಣಂಬೂರು ಬಂದರಿಗೂ ಶಿವಮೊಗ್ಗಕ್ಕೂ ನಡುವೆ ಕಂಟೇನರ್ ಕೆಲಸ ವರ್ಷವಿಡೀ ಖಾತ್ರಿಯಾಗಿದ್ದರೆ ಇದಕ್ಕಿಂತ ಸಲೀಸಾದ ಟ್ರೇಲರ್ ಇನ್ನೊಂದಿಲ್ಲವೆಂದು ನಾನೂ ಒಪ್ಪುತ್ತೇನೆ.

ಆದರೆ ನಮ್ಮ ಜಿಲ್ಲೆಯ ಲೋಡುಗಳನ್ನು ಒಮ್ಮೆ ಎಣಿಸಿ ನೋಡಿ. ಎ.ಪಿ.ಎಂ.ಸಿ. ಯಾರ್ಡಿನಿಂದ ಅಡಿಕೆ, ಶಿಕಾರಿಪುರ ಮತ್ತು ಸೊರಬದ ಕಡೆಯಿಂದ ಮೆಕ್ಕೆಜೋಳ, ಅಕ್ಕಿ ಗಿರಣಿಗಳಿಂದ ಅಕ್ಕಿ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿಂದ ಎರಕದ ಬಿಡಿಭಾಗಗಳು, ನೆಡುತೋಪುಗಳಿಂದ ಅಕೇಶಿಯಾ ದಿಮ್ಮಿ. ಬರುವಾಗ ಬಂದರಿನಿಂದ ಗೊಬ್ಬರ, ಬೇರೆ ಬೇರೆ ಕಡೆಯಿಂದ ಸಿಮೆಂಟು, ಟೈಲ್ಸು, ಹನ್ನೆರಡು ಮೀಟರ್ ಉದ್ದದ ಕಬ್ಬಿಣದ ಸರಳು. ಇವುಗಳಲ್ಲಿ ಬಹುಪಾಲು ಚೀಲದಲ್ಲೋ ಬಿಡಿಯಾಗಿಯೋ ಬರುವ ಸರಕು. ಸ್ಕೆಲಿಟನ್ ಟ್ರೇಲರಿನವನಿಗೆ ಹೋಗುವಾಗ ಕಂಟೇನರ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ವಾಪಸು ಲೋಡು ಕಂಟೇನರಿನಲ್ಲಿ ಇಲ್ಲದಿದ್ದರೆ ಆತ ಗೊಬ್ಬರದ ರಾಶಿಯ ಮುಂದೆಯೇ ಖಾಲಿ ಹಾದುಹೋಗಬೇಕು. ಬಾಡಿಗೆಗೆ ಟ್ರೇಲರ್ ಹಿಡಿದವರ ಲೆಕ್ಕ ತಪ್ಪುವುದು ಇಲ್ಲಿಯೇ. ತಿಂಗಳ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ತಿಂಗಳಿಗೆ ಎಷ್ಟು ಟ್ರಿಪ್ ಎರಡೂ ಕಡೆ ಲೋಡಿರುತ್ತದೆ ಎಂಬುದನ್ನು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಬೇಕು.

ಫ್ಲಾಟ್‌ಬೆಡ್ಡಿಗೆ ಪಕ್ಕದ ಡೋರುಗಳನ್ನು ಕಳಚಿ ಹಾಕುವಂತೆ ಮಾಡಿಸಿದರೆ ಮೇಲೆ ಹೇಳಿದ ಎಲ್ಲ ಸರಕೂ ಅದರಲ್ಲಿ ಹೋಗುತ್ತದೆ. ಡೋರು ಕಳಚಿದರೆ ಸರಳು ಮತ್ತು ಯಂತ್ರ, ಹಾಕಿದರೆ ಚೀಲ, ಗೂಟ ನೆಟ್ಟರೆ ದಿಮ್ಮಿ, ಟ್ವಿಸ್ಟ್ ಲಾಕು ಕೂಡಿಸಿಕೊಂಡಿದ್ದರೆ ಕಂಟೇನರ್. ಇದರ ದೊಡ್ಡ ಅನುಕೂಲ ಅರ್ಥವಾಗಬೇಕಾದರೆ ಹಮಾಲರನ್ನು ಕೇಳಬೇಕು. ಯೂರಿಯಾ ಚೀಲ 45 ಕಿಲೋದ್ದು. ಮೂವತ್ತು ಟನ್ ಎಂದರೆ ಆರುನೂರ ಅರವತ್ತಾರು ಚೀಲ. ಫ್ಲಾಟ್‌ಬೆಡ್ಡಿನಲ್ಲಿ ಮೂರು ಕಡೆಯಿಂದಲೂ ಇಳಿಸಬಹುದು, ಎರಡು ತಂಡ ಒಟ್ಟಿಗೆ ಕೆಲಸ ಮಾಡಬಹುದು. ಮುಚ್ಚಿದ ಬಾಡಿಯಲ್ಲಿ ಹಿಂದಿನ ಬಾಗಿಲೊಂದೇ. ಕೊನೆಯ ಚೀಲ ಹೊರುವವನು ಪ್ರತಿ ಸಲ ಹನ್ನೆರಡು ಮೀಟರ್ ಒಳಗೆ ನಡೆದು ಹೊರಗೆ ಬರಬೇಕು. ಅದಕ್ಕೆ ತಕ್ಕಂತೆ ಕೂಲಿಯೂ ಹೊತ್ತೂ ಏರುತ್ತದೆ, ಚಾಲಕನ ದಿನವೊಂದು ಗೋದಾಮಿನ ಬಾಗಿಲಲ್ಲೇ ಕಳೆದುಹೋಗುತ್ತದೆ.

ಹಾಗೆಂದು ಮುಚ್ಚಿದ ಬಾಡಿಯನ್ನು ತಳ್ಳಿಹಾಕುವಂತಿಲ್ಲ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟಿಲ್ಲದಿದ್ದರೂ ಸಾಗರದಿಂದ ಕೆಳಕ್ಕೆ ಜುಲೈ ತಿಂಗಳ ಮಳೆ ಅಡ್ಡಡ್ಡ ಹೊಡೆಯುವಂಥದು. ಟಾರ್ಪಾಲಿನ ಒಂದು ಹೊಲಿಗೆ ಬಿಟ್ಟರೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಯೂರಿಯಾ ಕಲ್ಲಾಗುತ್ತದೆ, ಸಿಮೆಂಟಿನ ಮಾತು ಬೇಡವೇ ಬೇಡ. ನಷ್ಟ ಕಟ್ಟಿಕೊಡುವವರು ಯಾರು ಎಂಬ ಜಗಳ ಕೊನೆಗೆ ಚಾಲಕನ ಭತ್ಯೆಯ ತನಕ ಬರುತ್ತದೆ. ಫ್ಲಾಟ್‌ಬೆಡ್ ಆರಿಸುವವರು ಎರಡು ಟಾರ್ಪಾಲು, ಹೊಸ ಹಗ್ಗ, ರ‍್ಯಾಚೆಟ್ ಬೆಲ್ಟುಗಳನ್ನು ಟ್ರೇಲರಿನ ಜೊತೆಗೇ ಕಂಪನಿ ಕೊಡಬೇಕೆಂದು ಪಟ್ಟಿಯಲ್ಲಿ ಬರೆಸಿಕೊಳ್ಳಬೇಕು. ಹಳೆಯ ಮಾಲೀಕರ ಕಾಲದಲ್ಲಿ ಇವೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿದ್ದವು. ಈಗ ಪಟ್ಟಿಯಲ್ಲಿಲ್ಲದ ಹಗ್ಗ ನಿಮ್ಮ ಜೇಬಿನಿಂದಲೇ ಬರುತ್ತದೆ.

ಹಾರ್ಸು ಮತ್ತು ಆಕ್ಸಲ್: ಲೆಕ್ಕ ಹಾಕಿ ನೋಡಬೇಕಾದದ್ದು

ಜುಲೈ 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿತು. ಒಂದಕ್ಕೊಂದು ಒತ್ತಾಗಿ ಕೂರಿಸಿದ ಮೂರು ಆಕ್ಸಲ್‌ಗಳಿಗೆ 27 ಟನ್, ಜೋಡಿ ಆಕ್ಸಲ್‌ಗೆ 21 ಟನ್, ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 11.5 ಟನ್, ಸ್ಟೇರಿಂಗ್ ಆಕ್ಸಲ್‌ಗೆ 7 ಟನ್. ಇವನ್ನು ಕೂಡಿದರೆ ಎರಡು ಆಕ್ಸಲ್ ಹಾರ್ಸಿನ ಹದಿನೆಂಟು ಚಕ್ರದ ಗಾಡಿಗೆ 45.5 ಟನ್, ಮೂರು ಆಕ್ಸಲ್ ಹಾರ್ಸಿನ ಇಪ್ಪತ್ತೆರಡು ಚಕ್ರದ ಗಾಡಿಗೆ 55 ಟನ್ ಒಟ್ಟು ತೂಕ ಬರುತ್ತದೆ. ನಮ್ಮಲ್ಲಿ ಎಲ್ಲರೂ ಈ ಎರಡು ಅಂಕಿಗಳನ್ನೇ ಹೋಲಿಸುತ್ತಾರೆ. ಘಾಟಿ ಹತ್ತುವವನಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ: ಒಟ್ಟು ಭಾರದಲ್ಲಿ ಎಳೆಯುವ ಚಕ್ರಗಳ ಮೇಲೆ ಕೂರುವುದೆಷ್ಟು? ಹದಿನೆಂಟು ಚಕ್ರದ ಗಾಡಿಯಲ್ಲಿ 45.5ಕ್ಕೆ 11.5, ಅಂದರೆ ಕಾಲು ಭಾಗ. ಇಪ್ಪತ್ತೆರಡು ಚಕ್ರದ ಗಾಡಿಯ ಹಾರ್ಸಿನಲ್ಲಿ ಹಿಂದಿನ ಎರಡೂ ಆಕ್ಸಲ್ ಎಳೆಯುವಂಥವಾಗಿದ್ದರೆ 55ಕ್ಕೆ 21, ಅಂದರೆ ಸುಮಾರು ಶೇ. 38. ಮಳೆ ನೀರಿನ ಜೊತೆ ಕೆಂಪು ಮಣ್ಣು ರಸ್ತೆಗೆ ಹರಿದಿರುವ ಏರಿನಲ್ಲಿ, ತಿರುವಿನ ನಡುವೆ ನಿಂತು ಮತ್ತೆ ಎಳೆಯಬೇಕಾದಾಗ, ಈ ಅಂತರ ಚಕ್ರ ಜಾರುವುದಕ್ಕೂ ಹಿಡಿಯುವುದಕ್ಕೂ ಇರುವ ಅಂತರ. ಆದ್ದರಿಂದ ನಿಮ್ಮ ಪಾಲಿಗೆ ಬಂದಿರುವುದು ಎರಡು ಆಕ್ಸಲ್ ಹಾರ್ಸಾದರೆ ದೊಡ್ಡ ಟ್ರೇಲರಿಗೆ ಆಸೆಪಡಬೇಡಿ.

ಮೂರು ಆಕ್ಸಲ್ ಟ್ರೇಲರ್ ಬಿಗಿ ತಿರುವಿನಲ್ಲಿ ಟೈರನ್ನು ರಸ್ತೆಗೆ ಉಜ್ಜುತ್ತಾ ಎಳೆದುಕೊಂಡು ಹೋಗುತ್ತದೆ ಎಂಬುದು ಓಡಿಸಿದವರಿಗೆಲ್ಲ ಗೊತ್ತು. ಒಂದು ಆಕ್ಸಲನ್ನು ಮೇಲೆತ್ತುವ ಸೌಲಭ್ಯವಿದ್ದರೆ ಖಾಲಿ ಬರುವಾಗ ನಾಲ್ಕು ಟೈರಿನ ಸವೆತ ಉಳಿಯುತ್ತದೆ. ಈ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಬಾಡಿಗೆ ಕೇಳಿದರೂ ಕೊಡಬಹುದೆಂದು ನನ್ನ ಅಭಿಪ್ರಾಯ. ಲೋಡಿರುವಾಗ ಎತ್ತಿಕೊಂಡು ಓಡಿಸುವ ಚಾಳಿ ಮಾತ್ರ ಬೇಡ. ಉಳಿದೆರಡು ಆಕ್ಸಲ್ ಮಿತಿ ಮೀರುತ್ತವೆ, ಆ ಆಕ್ಸಲಿನ ಬ್ರೇಕೂ ಕೈಬಿಟ್ಟಂತಾಗುತ್ತದೆ.

ಪಾಟಾ ಮತ್ತು ಏರ್ ಸಸ್ಪೆನ್ಷನ್

ಚರ್ಚೆ ಹೆಚ್ಚು ಬಿಸಿಯೇರುವುದು ಇಲ್ಲಿ. ಪಾಟಾ ಎಂದರೆ ಭಾರ ಹೊರುವ ಉಕ್ಕಿನ ಪ್ಲೇಟುಗಳ ಸ್ಪ್ರಿಂಗು, ಏರ್ ಸಸ್ಪೆನ್ಷನ್ನಿನಲ್ಲಿ ಆ ಕೆಲಸ ಗಾಳಿ ಚೀಲಗಳದ್ದು. ಏರ್ ಸಸ್ಪೆನ್ಷನ್ನಿನ ಗುಣ ನಿಜವಾದದ್ದು: ಗಾಳಿ ಚೀಲಗಳು ಮೂರೂ ಆಕ್ಸಲಿಗೆ ಭಾರವನ್ನು ಸಮನಾಗಿ ಹಂಚುತ್ತವೆ, ಖಾಲಿ ಟ್ರೇಲರ್ ಕುಣಿಯುವುದು ಕಡಿಮೆಯಾಗುತ್ತದೆ, ಟೈಲ್ಸು ಮತ್ತು ಗಾಜಿನಂಥ ಸರಕು ಒಡೆಯುವುದು ಕಡಿಮೆ. ಲೋಡಿಗೆ ತಕ್ಕಂತೆ ಬ್ರೇಕಿನ ಒತ್ತಡವನ್ನು ಹೊಂದಿಸುವ ವಾಲ್ವು ಗಾಳಿ ಚೀಲದ ಒತ್ತಡವನ್ನೇ ಅಳತೆಯಾಗಿ ತೆಗೆದುಕೊಳ್ಳುವುದರಿಂದ ಆ ಕೆಲಸವೂ ಹೆಚ್ಚು ನಿಖರವಾಗಿ ನಡೆಯುತ್ತದೆ. ಪಾಟಾ ಟ್ರೇಲರಿನಲ್ಲಿ ಅದೇ ವಾಲ್ವನ್ನು ಒಂದು ಸರಳು ಎಳೆಯುತ್ತದೆ. ಆ ಸರಳು ಬಾಗಿದರೆ, ಇಲ್ಲವೇ ಯಾರೋ ತಂತಿ ಸುತ್ತಿ ಕಟ್ಟಿಟ್ಟರೆ ವಾಲ್ವು ಇದ್ದೂ ಇಲ್ಲದಂತೆ.

ಆದರೂ ನಾನು ಪಾಟಾ ಪರ. ಕಾರಣ ರಿಪೇರಿ. ತಾಳಗುಪ್ಪ ದಾಟಿದ ಮೇಲೆ ಪಾಟಾದ ಒಂದು ಪ್ಲೇಟು ಮುರಿದರೆ ಲೋಡಿನೊಂದಿಗೇ ನಿಧಾನಕ್ಕೆ ಸಾಗರದವರೆಗೆ ಬಂದು ಹಾಕಿಸಿಕೊಳ್ಳಬಹುದು. ಪ್ಲೇಟು, ಸೆಂಟರ್ ಬೋಲ್ಟು, ಯು ಬೋಲ್ಟು, ಬುಷ್ಷು ತಾಲ್ಲೂಕು ಊರುಗಳಲ್ಲೆಲ್ಲ ಸಿಗುತ್ತವೆ. ಗಾಳಿ ಚೀಲಕ್ಕೆ ಜಲ್ಲಿ ಚುಚ್ಚಿದರೆ ಒಂದು ಪಕ್ಕ ಕುಸಿಯುತ್ತದೆ. ಬದಲಿ ಚೀಲ ಜೊತೆಗಿಲ್ಲದಿದ್ದರೆ ಸಾಮಾನು ಶಿವಮೊಗ್ಗದಿಂದಲೋ ಅದಕ್ಕೂ ದೂರದಿಂದಲೋ ಬರಬೇಕು. ಎತ್ತರಕ್ಕೆ ಹೇರಿದ ಚೀಲಗಳ ಲೋಡಿನೊಂದಿಗೆ ಹೊರಬಾಗಿದ ತಿರುವಿನಲ್ಲಿ ಟ್ರೇಲರ್ ವಾಲುವ ಬಗೆಯೂ ನನಗೆ ಪಾಟಾದಲ್ಲಿ ಪರಿಚಿತ, ಎಲ್ಲಿ ನಿಲ್ಲುತ್ತದೆಂದು ಬೆನ್ನಿಗೆ ಗೊತ್ತಾಗುತ್ತದೆ. ಇದು ಅಭ್ಯಾಸದ ಮಾತಿರಬಹುದು, ಒಪ್ಪುತ್ತೇನೆ. ಟೈಲ್ಸ್ ಮಾತ್ರ ಹೊರುವ ನನ್ನ ಗೆಳೆಯ ಏರ್ ಸಸ್ಪೆನ್ಷನ್ನೇ ಆರಿಸಿದ್ದಾನೆ. ಅವನ ಲೋಡಿಗೆ ಅದೇ ಸರಿ.

ಬ್ರೇಕು

ಬಣ್ಣ, ಲೈಟು, ಟೂಲ್ ಬಾಕ್ಸು ಇವುಗಳ ಹೋಲಿಕೆಯನ್ನು ಯಾರ್ಡಿನಲ್ಲಿ ನಿಂತೇ ಮುಗಿಸಬಹುದು, ಅದಕ್ಕೆ ಬರಹ ಬೇಕಿಲ್ಲ. ಬ್ರೇಕಿನ ವಿಷಯಕ್ಕೆ ಮಾತ್ರ ಕೆಳಗೆ ಮಲಗಿ ನೋಡಬೇಕು.

ಹಳೆಯ ಟ್ರೇಲರುಗಳಲ್ಲಿ ಬ್ರೇಕಿನ ಲೈನರಿಗೂ ಡ್ರಮ್ಮಿಗೂ ನಡುವಿನ ಸಂದನ್ನು ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಕೈಯಿಂದ ಬಿಗಿಮಾಡುವಂಥದು, ಹೊಸದರಲ್ಲಿ ತಾನಾಗಿಯೇ ಬಿಗಿಯಾಗುವಂಥದು. ಕೈ ಅಡ್ಜಸ್ಟರಿನ ತೊಂದರೆಯೆಂದರೆ ಆರು ಚಕ್ರದ ಸ್ಥಾನಗಳಲ್ಲಿ ಒಂದನ್ನು ಬಿಗಿ ಮಾಡಿ ಇನ್ನೊಂದನ್ನು ಮರೆತರೆ ಬಿಗಿಯಾದ ಡ್ರಮ್ಮೇ ಇಡೀ ಇಳಿಜಾರಿನ ಕೆಲಸ ಮಾಡಿ ಹೊಗೆಯಾಡುತ್ತದೆ. ಕಾಯ್ದ ಡ್ರಮ್ಮು ಹಿಗ್ಗುತ್ತದೆ, ಲೈನರಿಗೆ ಹಿಡಿತ ಕಡಿಮೆಯಾಗುತ್ತದೆ, ಪೆಡಲು ಒತ್ತಿದರೂ ಗಾಡಿ ಕೇಳುವುದಿಲ್ಲ. ತಾನಾಗಿ ಬಿಗಿಯಾಗುವ ಅಡ್ಜಸ್ಟರಿನಲ್ಲಿ ಈ ಏರುಪೇರು ಕಡಿಮೆ. ಆದರೆ ಅದನ್ನು ಪ್ರತಿ ಟ್ರಿಪ್ಪಿಗೂ ಸ್ಪ್ಯಾನರ್ ಹಾಕಿ ತಿರುಗಿಸುವವರನ್ನು ಕಂಡಿದ್ದೇನೆ. ಅದು ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಕೆಟ್ಟಿರುವುದು ಅಡ್ಜಸ್ಟರೋ, ಬುಷ್ಷೋ, ಕ್ಯಾಮ್ ಶಾಫ್ಟೋ ಎಂದು ನೋಡಿಸಬೇಕೇ ಹೊರತು ತಿರುಗಿಸಿ ಓಡಿಸಬಾರದು.

ಬ್ರೇಕ್ ಹಿಡಿದಾಗ ಚಕ್ರ ಲಾಕಾಗದಂತೆ ತಡೆಯುವ ಎ.ಬಿ.ಎಸ್. ಬೇಕೋ ಬೇಡವೋ ಎಂಬ ಪ್ರಶ್ನೆಗೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ. ಖಾಲಿ ಟ್ರೇಲರ್ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಲಾಕಾಗಿ ಟ್ರೇಲರ್ ಪಕ್ಕಕ್ಕೆ ಬೀಸುತ್ತದೆ. ಹಾರ್ಸಿನ ಚಕ್ರ ಲಾಕಾದರೆ ಟ್ರೇಲರ್ ಹಿಂದಿನಿಂದ ತಳ್ಳಿ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಎರಡೂ ಕಡೆ ಎ.ಬಿ.ಎಸ್. ಇದ್ದರೆ ಈ ಅಪಾಯ ಬಹಳ ತಗ್ಗುತ್ತದೆ. ಕಂಪನಿ ಕೈ ಬದಲಾದಾಗ ಹುಟ್ಟುವ ತೊಡಕು ಏನೆಂದರೆ ಹೊಸ ಹಾರ್ಸಿಗೆ ಹಳೆಯ ಟ್ರೇಲರ್, ಹಳೆಯ ಹಾರ್ಸಿಗೆ ಹೊಸ ಟ್ರೇಲರ್ ಜೋಡಿಯಾಗುವುದು. ಟ್ರೇಲರಿನ ಎ.ಬಿ.ಎಸ್.ಗೆ ಬೇರೆಯೇ ಕೇಬಲ್ ಇದೆ. ಹಾರ್ಸಿನ ಹಿಂದೆ ಅದರ ಸಾಕೆಟ್ಟೇ ಇಲ್ಲದಿದ್ದರೆ ಟ್ರೇಲರಿನಲ್ಲಿ ಎ.ಬಿ.ಎಸ್. ಇದ್ದರೂ ಕೇಬಲ್ ನೇತಾಡುತ್ತಿರುತ್ತದೆ. ನಮ್ಮ ಯಾರ್ಡಿನಲ್ಲಿ ಹೀಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿಟ್ಟ ಕೇಬಲನ್ನು ನಾನೇ ಬಿಚ್ಚಿ ನೋಡಿದ್ದೇನೆ. ಹೀಗಾಗಿ ಟ್ರೇಲರಿಗೆ ಒಪ್ಪಿಗೆ ಕೊಡುವ ಮುನ್ನ ನಿಮ್ಮ ಹಾರ್ಸನ್ನು ಹಿಂದೆ ತಂದು ಕೆಂಪು ಮತ್ತು ಹಳದಿ ಗಾಳಿ ಪೈಪು, ಲೈಟಿನ ವೈರು, ಎ.ಬಿ.ಎಸ್. ಕೇಬಲು ನಾಲ್ಕೂ ಕೂಡುತ್ತವೆಯೇ ಎಂದು ಜೋಡಿಸಿ ನೋಡಿ. ಆಮೇಲೆ ಎಂಜಿನ್ ನಿಲ್ಲಿಸಿ, ಪೆಡಲು ಒತ್ತಿ ಹಿಡಿದು, ಗಾಳಿಯ ಒತ್ತಡದ ಮೀಟರಿನ ಮುಳ್ಳು ಇಳಿಯುತ್ತದೆಯೇ ನೋಡಿ. ಕೆಂಪು ಪೈಪು ಕಳಚಿದರೆ ಟ್ರೇಲರಿನ ಬ್ರೇಕು ತಾನಾಗಿ ಹಿಡಿಯಬೇಕು. ಹಿಡಿಯದಿದ್ದರೆ ಆ ಟ್ರೇಲರ್ ಯಾರ್ಡಿನಿಂದ ಹೊರಗೆ ಹೋಗಬಾರದು.

ನಮ್ಮ ಕಡೆಯ ತೇವದ ಗಾಳಿಯಲ್ಲಿ ಬ್ರೇಕಿನ ಗಾಳಿ ಟ್ಯಾಂಕಿಗೆ ನೀರು ಬೇಗ ಸೇರುತ್ತದೆ. ಸಂಜೆ ಗಾಡಿ ನಿಲ್ಲಿಸಿದಾಗ ಟ್ರೇಲರಿನ ಟ್ಯಾಂಕಿನ ಡ್ರೈನ್ ಎಳೆಯುವ ತಂತಿ ಕೈಗೆ ಸಿಗುವಂತಿದೆಯೇ ಎಂಬುದು ಚಿಕ್ಕ ಸಂಗತಿಯಾದರೂ ಎರಡು ಟ್ರೇಲರುಗಳ ನಡುವೆ ಆರಿಸುವಾಗ ನಾನು ಅದನ್ನೂ ನೋಡುತ್ತೇನೆ. ತಂತಿ ಸಿಗದಿದ್ದರೆ ಯಾರೂ ಎಳೆಯುವುದಿಲ್ಲ.

ಕಿಂಗ್‌ಪಿನ್ನು ಮತ್ತು ಎತ್ತರ

ಕಳೆದ ಜೂನ್ ತಿಂಗಳ ಒಂದು ಬೆಳಗಿನ ಜಾವ ಹೊಸದಾಗಿ ಬಂದ ಟ್ರೇಲರಿಗೆ ಜೋಡಿಸಲು ನನ್ನ ಹಳೆಯ ಹಾರ್ಸನ್ನು ಹಿಂದಕ್ಕೆ ಬಿಟ್ಟೆ. ಹಿಂದಕ್ಕೆ ಹೋದಾಗ ಎಂದಿನಂತೆ ‘ಟಕ್’ ಎಂದಿತು. ಕ್ಲೀನರ್ ಹುಡುಗ ಟ್ರೇಲರಿನ ನಿಲ್ಲಿಸುವ ಕಾಲುಗಳನ್ನು ಎತ್ತಲು ಹ್ಯಾಂಡಲ್ ಹಿಡಿದಿದ್ದ. ಟ್ರೇಲರಿನ ಬ್ರೇಕ್ ಹಿಡಿದಿಟ್ಟು ಮೊದಲ ಗೇರಿನಲ್ಲಿ ಒಮ್ಮೆ ಮುಂದಕ್ಕೆ ಎಳೆದು ನೋಡುವುದು ನನ್ನ ಹಳೆಯ ರೂಢಿ. ಎಳೆದೆ, ಹಾರ್ಸು ಒಂದು ಗೇಣು ಜಾರಿಕೊಂಡು ಮುಂದೆ ಬಂತು. ಇಳಿದು ಟಾರ್ಚು ಬಿಟ್ಟು ನೋಡಿದರೆ ಟ್ರೇಲರಿನ ಮೂತಿ ಕೂರುವ ಹಾರ್ಸಿನ ಟರ್ನ್‌ಟೇಬಲ್ಲಿಗೂ ಟ್ರೇಲರಿನ ತಟ್ಟೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಟ್ರೇಲರನ್ನು ಹಾರ್ಸಿಗೆ ಹಿಡಿದಿಡುವ ಕಿಂಗ್‌ಪಿನ್ನು ಟರ್ನ್‌ಟೇಬಲ್ಲಿನ ದವಡೆಯ ಒಳಗೆ ಕೂರದೆ ಅದರ ಮೇಲೆ ಹತ್ತಿ ನಿಂತಿತ್ತು. “ಅಣ್ಣಾ, ಲಾಕ್ ಬಿದ್ದ ಸದ್ದು ಬಂತಲ್ಲ” ಎಂದು ಹುಡುಗ ಬಿಳಿಚಿಕೊಂಡ. ಸದ್ದು ಬಂದದ್ದು ನಿಜ. ಹಿಂದಿನ ದಿನ ಬೇರೆ ಎತ್ತರದ ಹಾರ್ಸಿನಿಂದ ಕಳಚಿಟ್ಟ ಟ್ರೇಲರಿನ ಮೂತಿ ನನ್ನ ಹಾರ್ಸಿಗಿಂತ ಎತ್ತರದಲ್ಲಿ ಉಳಿದಿತ್ತು.

ಎರಡು ಸಂಸ್ಥೆಗಳ ಗಾಡಿಗಳು ಒಂದೇ ಯಾರ್ಡಿನಲ್ಲಿ ಬೆರೆತಾಗ ಇಂಥದು ಆಗಿಯೇ ಆಗುತ್ತದೆ. ಆದ್ದರಿಂದ ಟ್ರೇಲರ್ ಆರಿಸುವಾಗ ನಿಮ್ಮ ಹಾರ್ಸಿನ ಟರ್ನ್‌ಟೇಬಲ್ಲಿನ ಎತ್ತರವನ್ನೂ ಟ್ರೇಲರ್ ಮಟ್ಟಸವಾಗಿ ನಿಂತಾಗ ಅದರ ತಟ್ಟೆಯ ಎತ್ತರವನ್ನೂ ಟೇಪು ಹಿಡಿದು ಅಳೆಯಿರಿ. ಮೂತಿ ಎತ್ತಿ ನಿಂತ ಟ್ರೇಲರಿನಲ್ಲಿ ಹಿಂದಿನ ಆಕ್ಸಲಿಗೆ ಭಾರ ಹೆಚ್ಚಾಗುತ್ತದೆ, ತಗ್ಗಿದರೆ ಮುಂದಿನದಕ್ಕೆ. ಪಾಟಾ ಟ್ರೇಲರಿನಲ್ಲಿ ಇದು ಟೈರಿನ ಸವೆತದಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ.

ಪಿನ್ನಿನ ಸವೆತವನ್ನೂ ಅಳೆಯಬೇಕು. ನಮ್ಮಲ್ಲಿ ಸಾಮಾನ್ಯವಾಗಿರುವ ಎರಡಿಂಚಿನ ಪಿನ್ನಿನ ಕತ್ತು ಹೊಸದರಲ್ಲಿ 50.8 ಮಿಲಿಮೀಟರ್ ಇರುತ್ತದೆ, 49ಕ್ಕೆ ಇಳಿದರೆ ಬದಲಾಯಿಸಬೇಕು. ಎರಡು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಲೇತ್ ಅಂಗಡಿಯಿಂದ ವರ್ನಿಯರ್ ತಂದು ಗ್ರೀಸು ಒರೆಸಿ ಅಳೆಯುವುದಕ್ಕೆ ಐದು ನಿಮಿಷ ಸಾಕು.

ಟೈರಿನ ವಿಷಯ ಚುಟುಕಾಗಿ ಹೇಳುತ್ತೇನೆ. ಟ್ಯೂಬ್‌ಲೆಸ್ ಮತ್ತು ಟ್ಯೂಬಿನ ಟೈರುಗಳ ನಡುವೆ ಆಯ್ಕೆಯಿದ್ದರೆ ಟ್ಯೂಬ್‌ಲೆಸ್ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಡ್ರಮ್ಮು ಕಾದಾಗ ಟ್ಯೂಬು ಮತ್ತು ಫ್ಲಾಪು ಸುಡುವ ತೊಂದರೆ ಅದರಲ್ಲಿಲ್ಲ, ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯವರಿಗೆ ಬರುವುದಿಲ್ಲವೆಂಬ ದೂರು ಈಗ ಹಳೆಯದಾಯಿತು. ಒಂದೇ ಆಕ್ಸಲಿನಲ್ಲಿ ರೇಡಿಯಲ್ ಮತ್ತು ನೈಲಾನ್ ಬೆರೆಸಿ ಹಾಕಿದ ಟ್ರೇಲರನ್ನು ಮಾತ್ರ ಒಪ್ಪಿಕೊಳ್ಳಬೇಡಿ.

ಹಳೆಯದನ್ನು ಕೊಳ್ಳುವುದೋ, ಹೊಸದನ್ನು ಬಾಡಿಗೆಗೆ ಹಿಡಿಯುವುದೋ

ಸ್ವಂತ ಹಾರ್ಸಿನವರಿಗೆ ನಿಜವಾದ ಪ್ರಶ್ನೆ ಇದು. ಕಂಪನಿ ಮಾರುತ್ತಿರುವ ಹಳೆಯ ಟ್ರೇಲರುಗಳಿಗೆ ಈಚೆಗೆ ಬಣ್ಣ ಬಳಿಸಲಾಗಿದೆ. ಹೊಸ ಬಣ್ಣ ಕಂಡಲ್ಲಿ ಅನುಮಾನ ಪಡುವುದು ನಮ್ಮ ವೃತ್ತಿಯ ಗುಣ, ಅದರಲ್ಲಿ ನಾಚಿಕೆಯಿಲ್ಲ. ಚಾಸಿ ಸೀಳುವ ಜಾಗಗಳು ಗೊತ್ತಿರುವಂಥವೇ: ಮುಂದೆ ಕುತ್ತಿಗೆ ಬಾಗುವಲ್ಲಿ, ನಿಲ್ಲಿಸುವ ಕಾಲುಗಳ ಬುಡದಲ್ಲಿ, ಪಾಟಾ ಹ್ಯಾಂಗರುಗಳ ಮೂಲೆಯಲ್ಲಿ, ಅಡ್ಡ ತೊಲೆ ಉದ್ದ ತೊಲೆಗೆ ಕೂಡುವಲ್ಲಿ. ಅಲ್ಲಿ ವೈರ್ ಬ್ರಷ್ಷಿನಿಂದ ಬಣ್ಣ ಕೆರೆದು ನೋಡಲು ಅನುಮತಿ ಕೇಳಿ. ಸೀಳಿದ್ದರೆ ಬಣ್ಣದ ಕೆಳಗಿನಿಂದ ಕೂದಲೆಳೆಯಂಥ ತುಕ್ಕಿನ ಗೆರೆ ಹೊರಬರುತ್ತದೆ. ವೆಲ್ಡಿಂಗ್ ಮಾಡಿ ಪಟ್ಟಿ ಕೂಡಿಸಿದ್ದರೆ ಸುತ್ತಿಗೆಯಿಂದ ತಟ್ಟಿದಾಗ ಸದ್ದು ಬೇರೆಯಾಗುತ್ತದೆ. ಕೆರೆಯಲು ಬಿಡುವುದಿಲ್ಲವೆಂದರೆ ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು.

ಕರಾವಳಿಗೆ ಓಡಿದ ಟ್ರೇಲರಿಗೆ ಉಪ್ಪುಗಾಳಿ, ಗೊಬ್ಬರ ಹೊತ್ತದ್ದಕ್ಕೆ ಅದರ ಪುಡಿ, ಎರಡಕ್ಕೂ ಮಲೆನಾಡಿನ ಮಳೆ ಸೇರಿದರೆ ಹಲಗೆಯ ಕೆಳಗಿನ ತಗಡು ಒಳಗಿನಿಂದ ತಿಂದುಹೋಗಿರುತ್ತದೆ. ಅಂಥ ಟ್ರೇಲರ್ ಕಡಿಮೆ ಬೆಲೆಗೆ ಸಿಕ್ಕರೂ ಮೊದಲ ವರ್ಷದ ವೆಲ್ಡಿಂಗ್, ಲೈನರ್, ಬುಷ್ಷು, ಟೈರಿನ ಖರ್ಚನ್ನು ಬೆಲೆಗೆ ಸೇರಿಸಿಯೇ ಬಾಡಿಗೆಯೊಂದಿಗೆ ಹೋಲಿಸಬೇಕು. ಇಷ್ಟೆಲ್ಲ ಹೇಳಿಯೂ, ಚಾಸಿ ನೆಟ್ಟಗಿರುವ ಹಳೆಯ ಪಾಟಾ ಫ್ಲಾಟ್‌ಬೆಡ್ ಸಿಕ್ಕರೆ ಕೊಳ್ಳುವುದೇ ಲೇಸೆಂದು ನಾನು ಹೇಳುತ್ತೇನೆ, ಏಕೆಂದರೆ ಬಾಡಿಗೆ ಟ್ರೇಲರ್ ಹಿಡಿದವನು ಕಂಪನಿ ಕೊಟ್ಟ ಲೋಡನ್ನೇ ಹೊರಬೇಕು, ದರ ಇಳಿಸಿದರೂ ಬೇರೆ ಕಡೆ ಹೋಗುವಂತಿಲ್ಲ. ಬರೀ ಒಂದು ಜಿಲ್ಲೆಯ ಒಳಗೆ, ಕಿರಿದಾದ ಊರ ದಾರಿಗಳಲ್ಲಿ, ಅಡಿಕೆ ಮತ್ತು ಜೋಳ ಹೊರುವವರಂತೂ ಟ್ರೇಲರಿನ ಗೊಡವೆಯನ್ನೇ ಬಿಟ್ಟು ಹನ್ನೆರಡು ಚಕ್ರದ ಟಾರಸ್ (ಒಂದೇ ಚಾಸಿಯ ಲಾರಿ) ಇಟ್ಟುಕೊಳ್ಳುವುದು ಸುಖ.

ಕಾಗದ ಪತ್ರದಲ್ಲಿ ಚಾಲಕರು ಮರೆಯುವ ಸಂಗತಿ: ಟ್ರೇಲರಿಗೆ ಹಾರ್ಸಿನಿಂದ ಬೇರೆಯಾದ ಆರ್.ಸಿ. (ನೋಂದಣಿ ಪತ್ರ) ಇದೆ, ಎಫ್.ಸಿ. (ಗಾಡಿ ಓಡಲು ಯೋಗ್ಯವೆಂಬ ಪತ್ರ) ಮತ್ತು ವಿಮೆಯನ್ನೂ ಅದರ ಹೆಸರಿನಲ್ಲಿಯೇ ನೋಡಬೇಕು. ಸಂಸ್ಥೆ ಮಾರಾಟವಾದ ಮಾತ್ರಕ್ಕೆ ಆರ್.ಸಿ.ಯಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ. ಮಾರಿದವರು ಮತ್ತು ಕೊಂಡವರು ಫಾರಂ 29 ಮತ್ತು 30 ಕೊಟ್ಟು ಆರ್.ಟಿ.ಓ. ಕಚೇರಿಯಲ್ಲಿ ವರ್ಗಾಯಿಸಬೇಕು, ಸಾಲವಿದ್ದ ಟ್ರೇಲರಾದರೆ ಫಾರಂ 35ರ ಮೂಲಕ ಆರ್.ಸಿ.ಯಲ್ಲಿರುವ ಸಾಲದ ನಮೂದನ್ನು ತೆಗೆಸಿರಬೇಕು. ಹಳೆಯದನ್ನು ಕೊಳ್ಳುವವರು ಆರ್.ಸಿ.ಯ ಚಾಸಿ ಸಂಖ್ಯೆಯನ್ನು ತೊಲೆಯ ಮೇಲೆ ಕೊರೆದಿರುವ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡಬೇಕು. ತೂಕದ ವಿಷಯದಲ್ಲಿಯೂ ಆರ್.ಸಿ.ಯಲ್ಲಿ ಬರೆದ ಅಂಕಿಯೇ ಕೊನೆಯ ಮಾತು. 2018ಕ್ಕೆ ಮುಂಚಿನ ಟ್ರೇಲರಿನಲ್ಲಿ ಹಳೆಯ ಅಂಕಿಯೇ ಉಳಿದಿರಬಹುದು, ಹೊಸ ಮಿತಿಯೆಂದು ನಂಬಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ₹20,000 ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ ₹2,000. ಹೆಚ್ಚಾದದ್ದನ್ನು ಅಲ್ಲೇ ಇಳಿಸಬೇಕು. ಗಾಡಿಯ ತೂಕ ನೋಡುವ ವೇ ಬ್ರಿಡ್ಜಿನ ಬಳಿ ನಿಂತಿರುವವನು ಚಾಲಕ, ಲೋಡು ಹೇರಿಸಿದವರು ಫೋನಿನಲ್ಲಿರುತ್ತಾರೆ.

ಹಿಂದಿನ ಕೆಂಪು, ಪಕ್ಕದ ಹಳದಿ ರಿಫ್ಲೆಕ್ಟರ್ ಪಟ್ಟಿಗಳು ಬಣ್ಣ ಬಳಿಯುವಾಗ ಮುಚ್ಚಿಹೋಗಿವೆಯೇ ಎಂಬುದನ್ನೂ ಒಪ್ಪಿಸಿಕೊಳ್ಳುವ ದಿನವೇ ನೋಡಬೇಕು. ಮಂಜು ಮುಸುಕಿದ ಘಾಟಿಯಲ್ಲಿ ಕೆಟ್ಟು ನಿಂತ ಟ್ರೇಲರ್ ಹಿಂದಿನಿಂದ ಬರುವವನಿಗೆ ಕಾಣುವುದು ಅದರಿಂದಲೇ. ಟ್ರೇಲರಿನ ನಾಲ್ಕೂ ಕಡೆಯ ಫೋಟೋ, ಟೈರಿನ ನಂಬರು, ಇರುವ ಹಾನಿಯ ಪಟ್ಟಿ ಮಾಡಿ ಕಂಪನಿಯವರ ಸಹಿ ಹಾಕಿಸಿಕೊಂಡ ಮೇಲೆ ನಿಮ್ಮ ಸಹಿ ಹಾಕಿ.

ನಾನು ಬರೆದುಕೊಟ್ಟ ಅರ್ಜಿಯಲ್ಲಿ ನಲವತ್ತು ಅಡಿಯ ಫ್ಲಾಟ್‌ಬೆಡ್, ಕಳಚುವ ಡೋರುಗಳು, ಪಾಟಾ, ಎತ್ತುವ ಆಕ್ಸಲ್, ಎ.ಬಿ.ಎಸ್. ಮತ್ತು ಅದಕ್ಕೆ ನನ್ನ ಹಾರ್ಸಿನಲ್ಲಿ ಸಾಕೆಟ್, ಟ್ಯೂಬ್‌ಲೆಸ್ ಟೈರು ಎಂದಿದೆ. ಕೊನೆಯ ಸಾಲಿನಲ್ಲಿ ಎರಡು ದಪ್ಪ ಮರದ ಹಲಗೆಗಳನ್ನೂ ಕೇಳಿದ್ದೇನೆ. ಹೊಸ ಮ್ಯಾನೇಜರು ಅದೇಕೆಂದು ಕೇಳಿದರು. ಮಳೆಗಾಲದಲ್ಲಿ ಲೋಡಿರುವ ಟ್ರೇಲರನ್ನು ನಮ್ಮ ಯಾರ್ಡಿನ ಮಣ್ಣಿನ ಮೇಲೆ ಕಳಚಿಟ್ಟರೆ ಅದರ ಕಾಲುಗಳು ಬೆಳಗಾಗುವುದರೊಳಗೆ ಒಂದು ಅಡಿ ಹೂತಿರುತ್ತವೆ ಎಂದು ಹೇಳಿ, ಹೊರಗೆ ಕರೆದುಕೊಂಡು ಹೋಗಿ ತೋರಿಸಿದೆ.